ಬೆರಳು ಹೋದ ಹುಡುಗನಿಗೆ ನಾನೇ ಹಾಜರಿ ಹಾಕಿದೆ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ಮತ್ತು ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ನಿರ್ದೇಶಕರಿಗೆ,

ನಮಸ್ಕಾರ.

ನಾನು ಪೀಣ್ಯದಲ್ಲಿ 26 ವರ್ಷ ದುಡಿದವನು. ಮೊದಲ ಒಂಬತ್ತು ವರ್ಷ ಪವರ್ ಪ್ರೆಸ್ (ತಗಡನ್ನು ಹೊಡೆದು ಆಕಾರ ಕೊಡುವ ಯಂತ್ರ) ಆಪರೇಟರ್. ಆಮೇಲೆ ಪ್ರೆಸ್ ಶಾಪ್ ಸೂಪರ್‌ವೈಸರ್. ಹೋದ ವರ್ಷ ಕೆಲಸ ಬಿಟ್ಟೆ. ಈ ಕಾಗದ ಬರೆಯಬೇಕು ಅಂತ ಮನಸ್ಸಿನಲ್ಲಿ ಎಷ್ಟೋ ದಿನದಿಂದ ಇತ್ತು. ಕೆಲಸದಲ್ಲಿ ಇದ್ದಷ್ಟು ದಿನ ಧೈರ್ಯ ಬರಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಶಾಪಿನಲ್ಲಿ ಹನ್ನೊಂದು ಪ್ರೆಸ್ ಇದ್ದವು. ಏಳನೇ ನಂಬರಿನದು 50 ಟನ್ನಿನ ಹಳೇ ಕೀ ಕ್ಲಚ್ ಪ್ರೆಸ್. ಅದರ ಫ್ಲೈವೀಲ್ ಯಾವಾಗಲೂ ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದರೆ ಒಳಗಿನ ಒಂದು ಕೀ ಹೋಗಿ ಕಚ್ಚಿಕೊಳ್ಳುತ್ತದೆ, ರ‍್ಯಾಮ್ (ತಗಡಿನ ಮೇಲೆ ಹೊಡೆಯುವ ಭಾಗ) ಒಂದು ಸಲ ಕೆಳಗೆ ಬಂದು ಹೊಡೆದು ಮೇಲೆ ಹೋಗಿ ನಿಲ್ಲುತ್ತದೆ. ಆಪರೇಟರ್ ಕೈ ಹಾಕಿ ಪೀಸ್ ತೆಗೆದು ಇನ್ನೊಂದು ತಗಡು ಇಡುತ್ತಾನೆ. ಕೀ ಸವೆದರೆ, ಇಲ್ಲವೇ ಸ್ಪ್ರಿಂಗ್ ಸಡಿಲವಾದರೆ, ರ‍್ಯಾಮ್ ಮೇಲೆ ಹೋಗಿ ನಿಲ್ಲುವುದಿಲ್ಲ. ಪೆಡಲ್ ಒತ್ತದೇ ಇದ್ದರೂ ಮತ್ತೊಮ್ಮೆ ಇಳಿಯುತ್ತದೆ. ಇದಕ್ಕೆ ನಾವು ‘ಡಬಲ್ ಹೊಡೆಯೋದು’ ಅನ್ನುತ್ತೇವೆ. ಒಂದು ಸಲ ಇಳಿಯೋಕೆ ಶುರುವಾದರೆ ನಡುವೆ ನಿಲ್ಲಿಸಲು ಆಗುವುದಿಲ್ಲ. ದೇವರು ಬಂದರೂ ಆಗುವುದಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಆ ಪ್ರೆಸ್‌ನಲ್ಲಿದ್ದ ಹುಡುಗ ನನ್ನ ಹತ್ತಿರ ಬಂದ. ಲಿಂಗಸುಗೂರು ಕಡೆಯವನು, 22 ವರ್ಷ, ಕಾಂಟ್ರಾಕ್ಟ್ ಮೇಲೆ ಬಂದು ಎಂಟು ತಿಂಗಳಾಗಿತ್ತು. “ಅಣ್ಣಾರ, ಪ್ರೆಸ್ಸು ಡಬಲ್ ಹೊಡಿಯಾಕತ್ತೈತ್ರಿ” ಅಂದ. ನಾನು ಹೋಗಿ ನಿಂತು ಹತ್ತು ಪೀಸ್ ಹೊಡೆಸಿ ನೋಡಿದೆ. ಹತ್ತರಲ್ಲೂ ಸರಿಯಾಗಿ ನಿಂತಿತು. ಮೇಂಟೆನೆನ್ಸ್‌ನವನು ಬೇರೆ ಯೂನಿಟ್‌ಗೆ ಹೋಗಿದ್ದ. ಮಧ್ಯಾಹ್ನ ನಾಲ್ಕು ಗಂಟೆಗೆ ಲೋಡ್ ಗಾಡಿ ಬರಬೇಕಿತ್ತು. ಇನ್ನೂ ನಾನೂರು ಪೀಸ್ ಬಾಕಿ. “ಈ ಲಾಟ್ ಒಂದು ಮುಗಿಸಿಬಿಡಪ್ಪ, ಸಂಜೆ ಬಿಚ್ಚಿಸ್ತೀನಿ. ಹುಷಾರಾಗಿ ಮಾಡು” ಅಂದೆ. ಊಟ ಆದ ಮೇಲೆ ಅವನು ಮತ್ತೆ ಬಂದು ಹೇಳಿದ. ನಾನು ಮತ್ತೆ ಅದನ್ನೇ ಹೇಳಿದೆ.

ಮೂರು ಇಪ್ಪತ್ತಕ್ಕೆ ಅವನ ಬಲಗೈಯ ತೋರುಬೆರಳು, ನಡುಬೆರಳು ಹೋದವು.

ಅವನು ಕಿರುಚಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನೋಡಿದ. ‘ನಾನೇ ಹುಷಾರಾಗಿ ಇರಬೇಕಿತ್ತು’ ಅನ್ನೋ ಹಾಗೆ.

ಸ್ವಾಮಿ, ಇಲ್ಲಿವರೆಗಿನ ಕಥೆ ನಿಮ್ಮ ಇಲಾಖೆಗೆ ಹೊಸದಲ್ಲ. ಪ್ರೆಸ್ ಶಾಪ್ ಅಂದ ಮೇಲೆ ಬೆರಳು ಹೋದವರು ಇದ್ದೇ ಇರುತ್ತಾರೆ ಅಂತ ಪೀಣ್ಯದಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಹೇಳಬೇಕಾದದ್ದು ಅದಾದ ಮೇಲಿನ ಮೂರು ದಿನದ ಕಥೆ.

ಅವನನ್ನು ಇಎಸ್‌ಐ (ನೌಕರರ ರಾಜ್ಯ ವಿಮೆ) ಆಸ್ಪತ್ರೆಗೆ ಕರೆದುಕೊಂಡು ಹೋಗಬೇಡಿ ಅಂತ ಫೋನ್ ಬಂತು. ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಬಿಲ್ ಕಂಪನಿಯೇ ಕಟ್ಟಿತು. ‘ನೋಡಿ, ಎಷ್ಟು ಚೆನ್ನಾಗಿ ನೋಡಿಕೊಂಡರು’ ಅಂತ ಶಾಪಿನಲ್ಲಿ ಮಾತಾಯಿತು. ಎರಡನೇ ದಿನ ಸಂಜೆ ನನ್ನನ್ನು ಕರೆದು, ನಾಳೆ ಬೆಳಿಗ್ಗೆ ಹುಡುಗನನ್ನು ಆಟೋದಲ್ಲಿ ಕರೆದುಕೊಂಡು ಬಂದು ಸ್ಟೋರ್ಸ್‌ನಲ್ಲಿ ಕೂರಿಸಿ ಅಂದರು. ಕೆಲಸ ಏನೂ ಬೇಡ, ಸುಮ್ನೆ ಕೂತಿರಲಿ, ಎಡಗೈಯಲ್ಲಿ ಕಾರ್ಡ್ ಪಂಚ್ ಮಾಡಿದರೆ ಸಾಕು.

ಯಾಕೆ ಅಂತ ನಿಮಗೆ ಗೊತ್ತು. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಗಾಯಗೊಂಡವನು 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಕೆಲಸ ಮಾಡಲಾಗದೆ ಹೋದರೆ ಅದನ್ನು ಇಲಾಖೆಗೆ ವರದಿ ಮಾಡಲೇಬೇಕು ಅನ್ನೋದು 1948ರ ಕಾರ್ಖಾನೆ ಕಾಯ್ದೆಯ ನಿಯಮವಾಗಿತ್ತು. 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲೂ ಅದೇ 48 ಗಂಟೆ ಇದೆ. ಅಂದರೆ ಬೆರಳು ಹೋಯಿತೋ ಇಲ್ಲವೋ ಅನ್ನೋದಕ್ಕಿಂತ, ಹಾಜರಿ ಹೋಯಿತೋ ಇಲ್ಲವೋ ಅನ್ನೋದೇ ಲೆಕ್ಕಕ್ಕೆ ಬರುವ ಹಾಗೆ ಆಗಿದೆ. 48 ಗಂಟೆ ತುಂಬುವ ಮೊದಲು ಅವನು ಗೇಟಿನ ಒಳಗೆ ಬಂದು ಕೂತರೆ, ಕಾಗದದ ಮೇಲೆ ಏನೂ ಆಗಿಲ್ಲ.

ಬಂದು ಕೂತ. ನೀಲಿ ಪ್ಲಾಸ್ಟಿಕ್ ಕುರ್ಚಿ. ಕೈಗೆ ದಪ್ಪ ಬ್ಯಾಂಡೇಜ್, ಅದರ ತುದಿಯಲ್ಲಿ ಸ್ವಲ್ಪ ಹಳದಿ ಕಲೆ. ಮುಂದೆ ನಟ್ಟು ಬೋಲ್ಟಿನ ರ‍್ಯಾಕ್. ನೋವಿಗೆ ಕೊಟ್ಟ ಮಾತ್ರೆಗೆ ನಿದ್ದೆ ಬರುತ್ತಿತ್ತು. ಕೂತಲ್ಲೇ ತೂಕಡಿಸಿ ಮುಂದಕ್ಕೆ ವಾಲಿದಾಗ ಸ್ಟೋರ್ ಕೀಪರ್ ಎದ್ದು ಹೋಗಿ ಭುಜ ಹಿಡಿಯುತ್ತಿದ್ದ. ನಾನು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಪಿ’ ಅಂತ ಬರೆದೆ. ಮೂರು ದಿನ ಬರೆದೆ.

ಗೇಟಿನ ಹತ್ತಿರ ನಮ್ಮಲ್ಲೂ ಒಂದು ಬೋರ್ಡ್ ಇತ್ತು. ‘ಅಪಘಾತವಿಲ್ಲದ ದಿನಗಳು’ ಅಂತ ಹಸಿರು ಅಕ್ಷರ. ಅಂಕಿ ಬದಲಾಯಿಸುವುದು ನನ್ನದೇ ಕೆಲಸ. ಮಂಗಳವಾರ 412 ಇತ್ತು. ಬುಧವಾರ 413 ಮಾಡಿದೆ.

ಇಷ್ಟರಿಂದ ಆ ಹುಡುಗ ಕಳೆದುಕೊಂಡದ್ದು ಏನು ಅಂತ ಅವತ್ತು ನನಗೂ ಪೂರ್ತಿ ಗೊತ್ತಿರಲಿಲ್ಲ. ಅವನ ಸಂಬಳದಿಂದ ತಿಂಗಳು ತಿಂಗಳು ನೂರಕ್ಕೆ ಮುಕ್ಕಾಲು ರೂಪಾಯಿ ಇಎಸ್‌ಐಗೆ ಹೋಗುತ್ತಿತ್ತು. ಕಂಪನಿ ಮೂರೂಕಾಲು ರೂಪಾಯಿ ಕಟ್ಟುತ್ತಿತ್ತು. ಕೆಲಸದಲ್ಲಿ ಆದ ಗಾಯ ಅಂತ ದಾಖಲಾಗಿದ್ದರೆ, ವಾಸಿಯಾಗುವವರೆಗೆ ಕೂಲಿಯ ನೂರಕ್ಕೆ 90ರಷ್ಟು ಸಿಗುತ್ತಿತ್ತು. ಆಮೇಲೆ ಮೆಡಿಕಲ್ ಬೋರ್ಡು ನೋಡಿ, ದುಡಿಯುವ ಶಕ್ತಿ ಎಷ್ಟು ಹೋಗಿದೆ ಅಂತ ಲೆಕ್ಕ ಹಾಕಿ, ಬದುಕಿರುವವರೆಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ಕಾನೂನಿನ ಪಟ್ಟಿಯಲ್ಲಿ ಬೆರಳಿಗೊಂದು ಲೆಕ್ಕವೇ ಇದೆ. ಇಡೀ ತೋರುಬೆರಳಿಗೆ ನೂರಕ್ಕೆ 14. ನಡುಬೆರಳಿಗೆ 12. ಹೆಬ್ಬೆರಳಿಗೆ 30. ಓದಿದರೆ ಮೈ ಜುಮ್ ಅನ್ನುವ ಪಟ್ಟಿ. ಆದರೆ ಅದಾದರೂ ಬಡವನಿಗೆ ಒಂದು ಆಸರೆ. ನಾನು ಬರೆದ ಆ ಮೂರು ‘ಪಿ’ಗಳು ಅದನ್ನೂ ಕಿತ್ತುಕೊಂಡವು.

ಐದನೇ ದಿನ ಅವನ ತಾಯಿ ಊರಿನಿಂದ ಬಸ್ಸಿನಲ್ಲಿ ಬಂದರು. ನನಗೆ ಅಂತ ಒಂದು ಗಂಟು ತಂದಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. “ನೀವಾರ ಇದ್ರಿ, ನನ್ನ ಮಗನ್ನ ನೋಡಿಕೊಂಡ್ರಿ” ಅಂದರು. ನಾನು ಆ ಗಂಟನ್ನು ಇಸಿದುಕೊಂಡೆ. ಬಾಯಿ ಬಿಡಲಿಲ್ಲ.

ಇದನ್ನೆಲ್ಲ ಓದಿ, ಎಂಥ ಕಟುಕರು ಇವರು ಅಂತ ಅನ್ನಿಸಬಹುದು. ಅದು ಹಾಗಲ್ಲ, ಅದಕ್ಕೇ ಈ ಪತ್ರ ಬರೆಯುತ್ತಿರುವುದು. ನಮ್ಮ ಮಾಲೀಕರು ಆ ಹುಡುಗನ ಆಸ್ಪತ್ರೆ ಖರ್ಚನ್ನು ಮರುಮಾತಿಲ್ಲದೆ ಕೊಟ್ಟರು. ಪ್ರೊಡಕ್ಷನ್ ಮ್ಯಾನೇಜರ್ ಆ ರಾತ್ರಿ ಆಸ್ಪತ್ರೆಯಲ್ಲೇ ಮಲಗಿದ್ದರು. ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ಯಾರೂ ಕೆಟ್ಟವರಾಗಿರಲಿಲ್ಲ. ಆದರೂ ಎಲ್ಲರೂ ಸೇರಿ ಒಂದು ಕೆಟ್ಟ ಕೆಲಸ ಮಾಡಿದೆವು. ವರದಿ ಹೋದರೆ ಇನ್‌ಸ್ಪೆಕ್ಟರ್ ಬರುತ್ತಾರೆ, ಕೇಸ್ ಆಗುತ್ತದೆ, ನಾವು ಮಾಲು ಕೊಡುವ ದೊಡ್ಡ ಕಂಪನಿ ‘ನಿಮ್ಮಲ್ಲಿ ಆಕ್ಸಿಡೆಂಟ್ ಆಗಿದೆಯಂತೆ’ ಅಂತ ಆರ್ಡರ್ ಕಡಿಮೆ ಮಾಡುತ್ತದೆ. ಮುಚ್ಚಿಟ್ಟರೆ ಇದ್ಯಾವುದೂ ಇಲ್ಲ. ಜೊತೆಗೆ ಆ ಹಸಿರು ಬೋರ್ಡ್ 500 ಮುಟ್ಟಿದರೆ ಎಲ್ಲರಿಗೂ ಸ್ವೀಟ್ ಬಾಕ್ಸ್. ನಿಜ ಹೇಳಿದವನು ಕಳೆದುಕೊಳ್ಳುತ್ತಾನೆ, ಮುಚ್ಚಿಟ್ಟವನಿಗೆ ಬಹುಮಾನ. ಇಂಥ ಲೆಕ್ಕವನ್ನು ಎದುರಿಗಿಟ್ಟು, ನಿಯತ್ತಾಗಿರಿ ಅಂತ ಸೂಪರ್‌ವೈಸರ್‌ಗೆ ತರಬೇತಿ ಕೊಟ್ಟರೆ ಏನು ಪ್ರಯೋಜನ?

ಅಂಥ ತರಬೇತಿಗಳಿಗೆ ನಾನೂ ಹೋಗಿದ್ದೇನೆ. ಪ್ರತಿವರ್ಷ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ. ಎದೆಗೆ ಹಸಿರು ಬ್ಯಾಡ್ಜ್ ಚುಚ್ಚಿಕೊಂಡು, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತೇವೆ. ‘ಸುರಕ್ಷತೆಯೇ ಮೊದಲು’ ಅನ್ನುತ್ತೇವೆ. ಒಳಗೆ ಹೋಗಿ ಮೆಷಿನ್ ಆನ್ ಮಾಡಿದ ಮೇಲೆ ಮೊದಲು ಬರುವುದು ಡಿಸ್‌ಪ್ಯಾಚ್.

ಆಯುಧಪೂಜೆ ದಿನ ನಮ್ಮ ಶಾಪ್ ನೋಡಬೇಕು ನೀವು. ಹನ್ನೊಂದು ಪ್ರೆಸ್ಸೂ ನಿಂತಿರುತ್ತವೆ. ಎಣ್ಣೆ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತೇವೆ. ವರ್ಷವೆಲ್ಲಾ ಯಾರಿಗೂ ಏನೂ ಆಗದಿರಲಿ ಅಂತ ಕೈ ಮುಗಿಯುತ್ತೇವೆ. ಅವತ್ತು ಏಳನೇ ನಂಬರನ್ನು ಇಡೀ ದಿನ ನಿಲ್ಲಿಸಲು ನಮಗೆ ಆಗಿತ್ತು. ಆ ಮಂಗಳವಾರ ಸ್ಪ್ರಿಂಗ್ ಬದಲಾಯಿಸಲು ಒಂದು ಗಂಟೆ ನಿಲ್ಲಿಸಲು ಆಗಲಿಲ್ಲ.

ಅಪಘಾತ ಆದ ಮೇಲೆ ಏನಾಯಿತು ಅಂತಲೂ ಹೇಳಬೇಕು. ಎಲ್ಲರಿಗೂ ಹೊಸ ಗ್ಲೌಸ್ ಕೊಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅದೂ ಹತ್ತಿಬಟ್ಟೆಯ ಬಾಗಿಲು. 50 ಟನ್ ಭಾರದ ಮುಂದೆ ಗ್ಲೌಸ್ ಏನು ಮಾಡೀತು? ಸ್ವಲ್ಪ ದಿನ ಬಿಟ್ಟು, ದೊಡ್ಡ ಕಂಪನಿಯವರು ಆಡಿಟ್‌ಗೆ ಬರುತ್ತಾರೆ ಅಂತ ಲೈಟ್ ಕರ್ಟನ್ ಸೆನ್ಸರ್ ತಂದು ಕೀ ಕ್ಲಚ್ ಪ್ರೆಸ್‌ಗೇ ಕೂರಿಸಿದರು. ಕೆಂಪು ದೀಪ, ಹಸಿರು ದೀಪ, ನೋಡಲು ಚೆಂದ. ಆದರೆ ನಡುವೆ ನಿಲ್ಲಿಸಲು ಆಗದ ಪ್ರೆಸ್‌ಗೆ ಸೆನ್ಸರ್ ಇದ್ದು ಏನು ಫಲ? ಕೈ ಬಂದಿದೆ ಅಂತ ಅದಕ್ಕೆ ಗೊತ್ತಾದರೂ ರ‍್ಯಾಮ್ ಬಂದೇ ಬರುತ್ತದೆ. ಇದು ಗೊತ್ತಿದ್ದವರು ಅಲ್ಲಿ ಮೂರು ಜನ ಇದ್ದೆವು. ಮೂವರೂ ಸುಮ್ಮನಿದ್ದೆವು. ನಿಜವಾಗಿ ಮಾಡಬೇಕಾದದ್ದು ಬಹಳ ಸರಳ. ತಗಡು ಮಾತ್ರ ಒಳಗೆ ಹೋಗಿ ಬೆರಳು ಹೋಗದಷ್ಟು ಸಂದು ಬಿಟ್ಟು ಡೈ (ಅಚ್ಚು) ಸುತ್ತ ಗಾರ್ಡ್ ಹಾಕಬೇಕು. ಹಾಗೆ ಮಾಡಲು ಆಗದ ಕೆಲಸವನ್ನು, ನಡುವೆ ನಿಲ್ಲಿಸಬಹುದಾದ, ಎರಡು ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ಹೊಡೆಯುವ ನ್ಯೂಮ್ಯಾಟಿಕ್ ಕ್ಲಚ್ ಪ್ರೆಸ್‌ಗೆ ಹಾಕಬೇಕು. ಅದರಲ್ಲೂ ಒಂದು ಬಟನ್‌ಗೆ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುವುದನ್ನು ನಾನು ಕಂಡಿದ್ದೇನೆ. ಆಪರೇಟರ್ ತುಂಟ ಅಂತ ಬಯ್ಯುವ ಮೊದಲು, ಅವನ ಟಾರ್ಗೆಟ್ ಎಷ್ಟು ಅಂತ ಕೇಳಬೇಕು.

ಸಣ್ಣ ಸಣ್ಣದಾಗಿ ಒಪ್ಪಿಕೊಳ್ಳುತ್ತಾ ಹೋಗುವುದು ಎಲ್ಲಿಗೆ ಮುಟ್ಟಿಸುತ್ತದೆ ಅನ್ನೋದಕ್ಕೆ ನಮ್ಮ ದೇಶಕ್ಕೆ ಭೋಪಾಲ್ ಗೊತ್ತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿನಿಂದ ಮೀಥೈಲ್ ಐಸೋಸಯನೇಟ್ ಹೊರಗೆ ಬಂತು. ಆ ವಿಷವನ್ನು ತಣ್ಣಗೆ ಇಡಬೇಕಿದ್ದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಿದ್ದ ಫ್ಲೇರ್ ಟವರ್ ರಿಪೇರಿಗೆ ಅಂತ ಕೆಲಸ ಮಾಡುತ್ತಿರಲಿಲ್ಲ. ರಾಜ್‌ಕುಮಾರ್ ಕೇಸ್ವಾನಿ ಅನ್ನುವ ಪತ್ರಕರ್ತರು ಎರಡು ವರ್ಷ ಮೊದಲೇ ಈ ಕಾರ್ಖಾನೆಯ ಅಪಾಯದ ಬಗ್ಗೆ ಬರೆದು ಎಚ್ಚರಿಸಿದ್ದರು. ಇವತ್ತೊಂದು ದಿನ ನಡೆಯಲಿ ಬಿಡು ಅಂತ ಒಬ್ಬೊಬ್ಬರೂ ಒಂದೊಂದು ಕಡೆ ಅಂದಿದ್ದರು. ಸಾವಿರಾರು ಜನ ಸತ್ತರು. ನನ್ನ ನಾನೂರು ಪೀಸಿಗೂ ಆ ರಾತ್ರಿಗೂ ಹೋಲಿಕೆ ಇಲ್ಲ. ಆದರೆ ನಾನು ಆ ಹುಡುಗನಿಗೆ ಹೇಳಿದ ಮಾತು ಇದೆಯಲ್ಲ, ಮಾತು ಅದೇ.

ನಮ್ಮ ರಾಜ್ಯದಲ್ಲೇ 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಹತ್ತಿರ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬೇಕು. ಮೀನಿನ ತ್ಯಾಜ್ಯದ ಟ್ಯಾಂಕಿನೊಳಗೆ ಒಬ್ಬ ಪ್ರಜ್ಞೆ ತಪ್ಪಿದ. ಅವನನ್ನು ಎತ್ತಲು ಗೆಳೆಯರು ಒಬ್ಬರ ಹಿಂದೆ ಒಬ್ಬರು ಇಳಿದರು. ಐದು ಜನ ಸತ್ತುಹೋದರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಇಂಥ ಜಾಗಕ್ಕೆ ಇಳಿಯುವ ಮೊದಲು ಗಾಳಿ ಪರೀಕ್ಷೆ ಮಾಡಿಸಿ ಬರಹದಲ್ಲಿ ಸರ್ಟಿಫಿಕೇಟ್ ಪಡೆಯಬೇಕು, ಇಲ್ಲವೇ ಉಸಿರಾಟದ ಉಪಕರಣ ಹಾಕಿಕೊಂಡು, ಬೆಲ್ಟಿಗೆ ಹಗ್ಗ ಕಟ್ಟಿ, ಆ ಹಗ್ಗದ ತುದಿ ಹೊರಗಿರುವವನ ಕೈಯಲ್ಲಿ ಇರಬೇಕು ಅಂತ ಕಾರ್ಖಾನೆ ಕಾಯ್ದೆ 1948ರಿಂದ ಹೇಳುತ್ತಲೇ ಬಂದಿತ್ತು. ಗೆಳೆಯ ಒಳಗೆ ಬಿದ್ದಿರುವಾಗ ಹೊರಗೆ ನಿಂತು ಯೋಚನೆ ಮಾಡು ಅಂತ ಯಾರಿಗೆ ಹೇಳೋಕಾಗುತ್ತದೆ? ಆ ಹೊತ್ತಿಗೆ ಯೋಚನೆ ಮಾಡುವ ಸಮಯ ಮುಗಿದಿರುತ್ತದೆ. ಮೊದಲನೆಯವನನ್ನು ಒಳಗೆ ಕಳಿಸುವ ಮುಂಚೆ ಯಾರೋ ಒಬ್ಬರು ‘ಬೇಡ’ ಅನ್ನಬೇಕಿತ್ತು.

ಆ ‘ಬೇಡ’ ಅನ್ನುವ ಅಧಿಕಾರ ಯಾರ ಕೈಯಲ್ಲಿದೆ ಅಂತ ಕೇಳುತ್ತಿದ್ದೇನೆ, ಸಚಿವರೇ.

ಭೋಪಾಲ್ ಆದ ಮೇಲೆ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯ ಸೇರಿಸಿದರು. ಪ್ರಾಣಕ್ಕೆ ಅಪಾಯ ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕನಿಗೆ ಬಂತು. ಆದರೆ ಅದು ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗಳಿಗೆ ಮಾತ್ರ. ಬರೀ ತಗಡು ಹೊಡೆಯುವ ನಮ್ಮ ಶೆಡ್ಡು ಆ ಪಟ್ಟಿಯಲ್ಲಿ ಎಲ್ಲಿ ಬರಬೇಕು? 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಇದನ್ನು ಹಿಗ್ಗಿಸಿದೆ. ಅಪಾಯ ಕಂಡರೆ ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ಒಟ್ಟಿಗೇ ತಿಳಿಸಬಹುದು ಅನ್ನುತ್ತದೆ. ಒಳ್ಳೆಯದೇ. ಆದರೆ ತಿಳಿಸಿದ ಮೇಲೆ, ಉತ್ತರ ಬರುವವರೆಗೆ, ಆ ಹುಡುಗ ಪೆಡಲ್ ಒತ್ತಬೇಕಾ ಬೇಡವಾ? ಅದಕ್ಕೆ ಉತ್ತರ ಅಲ್ಲಿ ನೇರವಾಗಿ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 155ನೇ ಒಡಂಬಡಿಕೆ 1981ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಪ್ರಾಣಕ್ಕೆ ಅಪಾಯ ಇದೆ ಅಂತ ನಂಬಲು ತಕ್ಕ ಕಾರಣ ಇದ್ದು ಕೆಲಸದಿಂದ ಪಕ್ಕಕ್ಕೆ ಸರಿದವನಿಗೆ ಅದರಿಂದ ತೊಂದರೆ ಆಗದ ಹಾಗೆ ಕಾಪಾಡಬೇಕು ಅನ್ನುತ್ತದೆ. 2022ರಲ್ಲಿ ಆ ಸಂಘಟನೆ ಸುರಕ್ಷಿತ ಕೆಲಸದ ಜಾಗವನ್ನು ಮೂಲಭೂತ ತತ್ವಗಳ ಸಾಲಿಗೆ ಸೇರಿಸಿತು. ನಮ್ಮ ರಾಜ್ಯದ ನಿಯಮಗಳಲ್ಲಿ ಇದನ್ನು ಎರಡೇ ಸಾಲಿನಲ್ಲಿ ಬರೆಯಬಹುದು, ಯಾರಿಗೂ ಅರ್ಥವಾಗುವ ಕನ್ನಡದಲ್ಲಿ. ಹಿಂದಿ, ಒಡಿಯಾ, ಬಂಗಾಳಿಯಲ್ಲೂ ಬರೆದು ಮೆಷಿನ್ ಪಕ್ಕ ಅಂಟಿಸಬೇಕು. ಕಾಂಟ್ರಾಕ್ಟ್ ಹುಡುಗರಿಗೂ ಅನ್ವಯ ಅಂತ ಬಿಡಿಸಿ ಹೇಳಬೇಕು. ಯಾಕೆಂದರೆ ಅವರನ್ನು ಕೆಲಸದಿಂದ ತೆಗೆಯಲು ನೋಟಿಸ್ ಕೂಡ ಬೇಕಾಗಿಲ್ಲ. ‘ನಾಳೆಯಿಂದ ಬರಬೇಡ’ ಅಂತ ಕಾಂಟ್ರಾಕ್ಟರ್ ಒಂದು ಫೋನ್ ಮಾಡಿದರೆ ಮುಗಿಯಿತು.

48 ಗಂಟೆಯ ವಿಷಯವೂ ನಿಮ್ಮ ಕೈಯಲ್ಲೇ ಇದೆ. 48 ಗಂಟೆ ಗೈರಾದರೆ ಅನ್ನುವುದರ ಜೊತೆಗೆ, ಸರ್ಕಾರ ಗೊತ್ತುಪಡಿಸುವ ಬೇರೆ ಬಗೆಯ ಗಾಯಗಳನ್ನೂ ವರದಿ ಮಾಡಬೇಕು ಅಂತ ಕಾನೂನೇ ಬಾಗಿಲು ತೆರೆದಿಟ್ಟಿದೆ. ಹಾಗಾದರೆ ಗೊತ್ತುಪಡಿಸಿಬಿಡಿ. ಬೆರಳು ಹೋದರೆ, ಮೂಳೆ ಮುರಿದರೆ, ಕಣ್ಣಿಗೆ ಪೆಟ್ಟಾದರೆ, ಹಾಜರಿ ಇರಲಿ ಬಿಡಲಿ, ವರದಿ ಆಗಲೇಬೇಕು ಅನ್ನಿ. ಬೆರಳು ಜಜ್ಜಿಹೋದ ಕೈ ಹಿಡಿದುಕೊಂಡು ಯಾವ ಆಸ್ಪತ್ರೆಗೆ ಬಂದರೂ, ‘ಎಲ್ಲಿ ಕೆಲಸ ಮಾಡುತ್ತಿದ್ದೆ’ ಅಂತ ಒಂದು ಪ್ರಶ್ನೆ ಕೇಳಿ ಬರೆದು ಇಲಾಖೆಗೆ ಕಳಿಸಲಿ. ಪೀಣ್ಯ, ದಾಬಸ್‌ಪೇಟೆ, ಬೊಮ್ಮಸಂದ್ರ ಸುತ್ತಮುತ್ತಲ ನರ್ಸಿಂಗ್ ಹೋಮ್‌ಗಳ ಪುಸ್ತಕಗಳನ್ನು ಒಂದು ಸಲ ತರಿಸಿ ನೋಡಿ. ನಮ್ಮ ಗೇಟಿನ ಬೋರ್ಡುಗಳಲ್ಲಿ ಇಲ್ಲದ ಅಂಕಿಗಳು ಅಲ್ಲಿ ಸಿಗುತ್ತವೆ.

ವರದಿ ಮಾಡಿದವರನ್ನು ಹೇಗೆ ನಡೆಸಿಕೊಳ್ಳುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ತಾನಾಗಿ ಹೇಳಿದ ಕಾರ್ಖಾನೆಗೂ ಮುಚ್ಚಿಟ್ಟು ಸಿಕ್ಕಿಬಿದ್ದ ಕಾರ್ಖಾನೆಗೂ ಒಂದೇ ನೋಟಿಸ್, ಒಂದೇ ಕೇಸ್ ಆದರೆ ಯಾರು ಹೇಳುತ್ತಾರೆ? ಬೆರಳು ಹೋಗುವ ಮೊದಲು ಪ್ರೆಸ್ ಎಷ್ಟೋ ಸಲ ಡಬಲ್ ಹೊಡೆದಿರುತ್ತದೆ. ಕೂದಲೆಳೆಯಲ್ಲಿ ತಪ್ಪಿದ ಆ ಪ್ರತಿಯೊಂದು ಸಲವೂ ಒಂದು ಪುಸ್ತಕದಲ್ಲಿ ಬಂದರೆ, ಆ ಪುಸ್ತಕ ದಪ್ಪಗಿರುವ ಕಾರ್ಖಾನೆಯೇ ಒಳ್ಳೆಯ ಕಾರ್ಖಾನೆ ಅಂತ ನಿಮ್ಮ ಅಧಿಕಾರಿಗಳು ತಿಳಿಯಬೇಕು. ಸುರಕ್ಷತಾ ಪ್ರಶಸ್ತಿ ಕೊಡುವಾಗ ಸೊನ್ನೆ ತೋರಿಸಿದವರಿಗೆ ಕೊಡಬೇಡಿ. ಏನು ತಪ್ಪಾಯಿತು, ಏನು ಸರಿಮಾಡಿದೆವು ಅಂತ ಬಿಚ್ಚಿ ತೋರಿಸಿದವರಿಗೆ ಕೊಡಿ.

ಸೇಫ್ಟಿ ಆಫೀಸರ್ ಬಗ್ಗೆ ಒಂದು ಮಾತು. ಹಳೇ ಕಾಯ್ದೆಯಲ್ಲಿ 1000 ಜನ ಇದ್ದರೆ ಸೇಫ್ಟಿ ಆಫೀಸರ್ ಬೇಕಿತ್ತು. ಹೊಸ ಸಂಹಿತೆಯಲ್ಲಿ 500ಕ್ಕೆ, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250ಕ್ಕೆ ಇಳಿದಿದೆ. ಆದರೂ ಪೀಣ್ಯದ ಬಹುಪಾಲು ಶೆಡ್ಡುಗಳಲ್ಲಿ ಅಷ್ಟು ಜನ ಎಲ್ಲಿದ್ದಾರೆ? ಹಾಗೆ ನೋಡಿದರೆ ಕರೆಂಟ್ ಬಳಸುವ ಕಡೆ ಮೊದಲು 10 ಜನ ಇದ್ದರೆ ಕಾರ್ಖಾನೆ ಅನ್ನಿಸಿಕೊಳ್ಳುತ್ತಿತ್ತು, ಈಗ 20 ಜನ ಬೇಕು. ಹದಿನಾಲ್ಕು ಜನ, ಐದು ಪ್ರೆಸ್ ಇರುವ ಶೆಡ್ಡು ಈಗ ಕಾನೂನಿನ ಕಣ್ಣಿಗೆ ಕಾರ್ಖಾನೆಯೇ ಅಲ್ಲ. ಪ್ರೆಸ್‌ಗೆ ಆ ವ್ಯತ್ಯಾಸ ಗೊತ್ತಾ? ಜನರ ತಲೆ ಎಣಿಸುವ ಬದಲು ಮೆಷಿನ್ ನೋಡಿ ನಿಯಮ ಮಾಡಿ. ಪವರ್ ಪ್ರೆಸ್ ಇರುವ ಕಡೆ, ಎಷ್ಟೇ ಜನ ಇರಲಿ, ಗಾರ್ಡ್ ಮತ್ತು ಕ್ಲಚ್ ತಪಾಸಣೆ ಆಗಲೇಬೇಕು ಅಂತ ಮಾಡಿ. ಸೇಫ್ಟಿ ಆಫೀಸರ್ ಇರುವ ದೊಡ್ಡ ಕಡೆಗಳಲ್ಲೂ ಅವರ ಪಾಡು ಏನು ಅಂತ ನೋಡಿದ್ದೇನೆ. ಸಂಬಳ ಕೊಡುವವರು, ಬಡ್ತಿ ಕೊಡುವವರು, ತೆಗೆಯುವವರು ಎಲ್ಲಾ ಅದೇ ಮ್ಯಾನೇಜ್‌ಮೆಂಟ್. ‘ಈ ಕೆಲಸ ನಿಲ್ಲಿಸಿ’ ಅಂತ ಎರಡು ಸಲ ಅಂದವರು ಮೂರನೇ ಸಲ ಅನ್ನೋದಕ್ಕೆ ಅಲ್ಲಿ ಇರುವುದಿಲ್ಲ. ಅವರನ್ನು ಕೆಲಸದಿಂದ ತೆಗೆಯುವಾಗ ಇಲಾಖೆಗೆ ಕಾರಣ ಕೊಡಬೇಕು ಅನ್ನುವ ಒಂದು ನಿಯಮ ಇದ್ದರೂ ಅವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ.

ಇನ್ನು 12 ಗಂಟೆ ಶಿಫ್ಟ್. 2023ರಲ್ಲಿ ನಮ್ಮ ರಾಜ್ಯ ಕಾಯ್ದೆ ತಿದ್ದಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ಅದರ ಬಗ್ಗೆ ದೊಡ್ಡವರು ಬಹಳ ವಾದ ಮಾಡಿದ್ದಾರೆ. ನನಗೆ ಗೊತ್ತಿರುವುದು ಇಷ್ಟೇ. ಒಂಬತ್ತನೇ ಗಂಟೆ ಕಳೆದ ಮೇಲೆ ಕೈ ತಾನಾಗೇ ಹೋಗುತ್ತದೆ, ತಲೆ ಜೊತೆಗೆ ಹೋಗುವುದಿಲ್ಲ. ಪ್ರೆಸ್ ಮುಂದೆ ಕೂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೆಸ್ ಕೆಲಸವನ್ನಾದರೂ ಅದರಿಂದ ಹೊರಗಿಡಿ.

ಈಗ ನನ್ನ ಹಾಗೆ ಸೂಪರ್‌ವೈಸರ್ ಆಗಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಎರಡು ಮಾತು. ಸಚಿವರು ಕ್ಷಮಿಸಬೇಕು, ಇದನ್ನು ಇಲ್ಲೇ ಹೇಳಬೇಕು. ನಿಯಮ ಬರುವವರೆಗೆ ಕಾಯುತ್ತಾ ಕೂರಲು ಆಗುವುದಿಲ್ಲ, ಅಲ್ವಾ? ಹುಡುಗರು ಬಂದು ‘ಸರಿಯಿಲ್ಲ’ ಅಂದಾಗ ನಾನು ಹತ್ತು ಪೀಸ್ ಹೊಡೆಸಿ ನೋಡಿ, ಸರಿಯಾಗಿದೆ ಅಂದುಕೊಂಡೆ. ಅವನು ಬೆಳಿಗ್ಗೆಯಿಂದ ಆರುನೂರು ಹೊಡೆದಿದ್ದ. ಆ ಮೆಷಿನ್ ಬಗ್ಗೆ ಅವನಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಆ ಒಂದು ಕ್ಷಣದಲ್ಲಿ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಒಂದೇ ಇತ್ತು. ಈ ಸ್ಟೂಲಿನ ಮೇಲೆ ನನ್ನ ಮಗ ಕೂತಿದ್ದರೆ ‘ಲಾಟ್ ಮುಗಿಸಪ್ಪ’ ಅನ್ನುತ್ತಿದ್ದೆನಾ? ನನ್ನ ಮಗನಿಗೂ ಆಗ 22 ವರ್ಷವೇ ಆಗಿತ್ತು. ಅವತ್ತು ಲೋಡ್ ಗಾಡಿ ನಾಲ್ಕಕ್ಕೆ ಬರಲಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆರೂವರೆಗೆ ಬಂತು.

ಕಂಪನಿಯ ಹೆಸರು ಇಲ್ಲಿ ಬರೆದಿಲ್ಲ. ಬರೆದರೆ ಅದೊಂದೇ ಕಂಪನಿ ಹಾಗೆ ಅಂತಾಗುತ್ತದೆ. ಅಲ್ಲಿ ದುಡಿಯುತ್ತಿರುವವರ ಅನ್ನದ ಮಾತೂ ಇದೆ. ಆ ಹುಡುಗ ಈಗ ತನ್ನ ಊರಿನ ಕಡೆಯೇ ಇದ್ದಾನೆ. ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾನೆ. ಹೋದ ತಿಂಗಳು ಫೋನ್ ಮಾಡಿ ನಡೆದದ್ದೆಲ್ಲ ಅವನಿಗೆ ಹೇಳಿದೆ. ಇಎಸ್‌ಐ ಹಣ, ಹಾಜರಿ, ಕುರ್ಚಿ, ಎಲ್ಲ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, “ಈಗ ಏನರ ಮಾಡಾಕ ಬರ್ತೈತೇನ್ರಿ ಅಣ್ಣಾರ?” ಅಂದ.

ನಾನು ಈ ಪತ್ರವನ್ನು ಕಳಿಸುವ ಮೊದಲು ಅವನ ಒಪ್ಪಿಗೆ ಕೇಳಿದ್ದೇನೆ. ಅವನಿಗೆ ಸಲ್ಲಬೇಕಾದದ್ದು ಸಲ್ಲುವಂತೆ ಅರ್ಜಿ ಹಾಕಿಸುತ್ತಿದ್ದೇನೆ. ನಿಮ್ಮ ಅಧಿಕಾರಿಗಳು ಯಾವ ದಿನ ಕರೆದರೂ ಬಂದು ಹೇಳಿಕೆ ಕೊಡುತ್ತೇನೆ. ಏಳನೇ ನಂಬರ್ ಪ್ರೆಸ್ ಎಲ್ಲಿದೆ ಅಂತ ತೋರಿಸುತ್ತೇನೆ. ಹಾಜರಿ ಪುಸ್ತಕದಲ್ಲಿ ಆ ಮೂರು ದಿನದ ಅಕ್ಷರ ಯಾರದು ಅಂತ ಪತ್ತೆ ಮಾಡುವ ಕಷ್ಟ ನಿಮಗೆ ಬೇಡ. ನನ್ನದೇ.

ಇಂತಿ,
ಪೀಣ್ಯದ ಒಬ್ಬ ಮಾಜಿ ಪ್ರೆಸ್ ಶಾಪ್ ಸೂಪರ್‌ವೈಸರ್